ಭಾಗತ್ತೆ ದಾಟಿದ ಬೀದಿ

ಮೊನ್ನೆ ಬೆಳಿಗ್ಗೆ ನೋಡುತ್ತೇನೆ, ಚಿಕ್ಕಮಗಳೂರಿನ ನಮ್ಮ ಶಾಲೆಯ ಎದುರಿನ ರಸ್ತೆಗೆ ಯಾರೋ ಬಿಳಿ ಪಟ್ಟೆ ಬಳಿದು ಹೋಗಿದ್ದರು. ಜನ ದಾಟಲಿ ಎಂದು ಬಳಿಯುತ್ತಾರಲ್ಲ, ಅದೇ ಪಟ್ಟೆಗಳು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಗಿರಿಯಿಂದ ಇಳಿದ ಮಂಜು ರಸ್ತೆಯ ತುಂಬ ನಿಂತು ಆಚೆ ಬದಿಯ ಅಂಗಡಿಗಳನ್ನೆಲ್ಲ ಅಳಿಸಿ ಹಾಕಿತ್ತು. ಪಟ್ಟೆಗಳು ಮಾತ್ರ ಒಂದರ ಹಿಂದೆ ಒಂದು ತೇಲಿಕೊಂಡು ಎಲ್ಲಿಗೋ ಹೊರಟಂತೆ ಕಾಣುತ್ತಿದ್ದವು. ನಾನೂ ಅವುಗಳ ಜೊತೆ ಹೊರಟೆ.

ಅರ್ಧ ರಸ್ತೆ ದಾಟಿದ ಮೇಲೆ ಆಟೋದವನೊಬ್ಬ ತಲೆ ಹೊರಗೆ ಹಾಕಿ, "ಏನ್ ಮೇಡಂ, ಹೈಜಂಪ್ ಪ್ರಾಕ್ಟೀಸಾ?" ಎಂದ. ಆಗ ನನ್ನ ಕಾಲುಗಳನ್ನು ನಾನೇ ನೋಡಿಕೊಂಡೆ. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಒಂದು ಪಟ್ಟೆಯನ್ನೂ ತುಳಿಯದೆ, ಗದ್ದೆಯ ಕೊಕ್ಕರೆಯ ಹಾಗೆ ಕಾಲೆತ್ತಿ ಕಾಲೆತ್ತಿ ಇಡುತ್ತಿದ್ದೆ. ನಿವೃತ್ತಿಗೆ ಹತ್ತಿರವಾದ, ಮಂಡಿನೋವಿನ, ವಿಜ್ಞಾನದ ಟೀಚರು! ಗೇಟಿನ ಹತ್ತಿರ ನಿಂತಿದ್ದ ಮಕ್ಕಳು ನೋಡಿಯೂ ನೋಡದವರಂತೆ ಆಕಾಶ ನೋಡಿದರು. ಅದಕ್ಕಾಗಿ ನಾನು ಅವರಿಗೆ ಋಣಿ.

ನಿಮಗೆ ನಗು ಬರಬಹುದು. ಆದರೆ ಆ ನಡಿಗೆ ನನ್ನದಲ್ಲ. ಅದು ಭಾಗತ್ತೆಯದು. ಆ ದಿನ ಪಾಠ ಮಾಡುವಾಗಲೂ ನಾನು ಪೂರ್ತಿಯಾಗಿ ತರಗತಿಯಲ್ಲಿರಲಿಲ್ಲ. ಅರ್ಧ ನಾನು ಕಳಸದ ಒಂದು ಬೀದಿಯಲ್ಲೇ ಉಳಿದಿದ್ದೆ.

ಭಾಗತ್ತೆ ಎಂದರೆ ನನ್ನ ಅಪ್ಪನ ಅಕ್ಕ, ಭಾಗೀರಥಿ. ಕಳಸದಲ್ಲಿ ಪೇಟೆಯಿಂದ ಸ್ವಲ್ಪ ಒಳಗೆ, ಎರಡೂ ಬದಿ ಮನೆಗಳು ಮುಖಕ್ಕೆ ಮುಖ ಕೊಟ್ಟು ಕೂತ ಒಂದು ಬೀದಿಯಿದೆ. ಈ ಜಗಲಿಯಲ್ಲಿ ಸೀನಿದರೆ ಆ ಜಗಲಿಯವರು ಹರಸಬೇಕು, ಅಷ್ಟು ಹತ್ತಿರ. ನಡುವೆ ಜೀಪುಗಳು ಹೋಗುವಷ್ಟು ಜಾಗ. ಆ ಬೀದಿಯಲ್ಲಿ ಅತ್ತೆ, ಅವರ ಮಗ ಸತೀಶ ಭಾವ, ಸೊಸೆ ಶಾರದಕ್ಕ. ಭಾವನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಕಾಫಿಪುಡಿ ಅಂಗಡಿ. ಸಂಜೆ ಅವರು ಮನೆಗೆ ಬಂದರೆ ಅವರಿಗಿಂತ ಮುಂಚೆ ಅವರ ಅಂಗಿಯ ವಾಸನೆ ಒಳಗೆ ಬರುತ್ತಿತ್ತು.

ಅತ್ತೆಯ ದಿನ ಶುರುವಾಗುತ್ತಿದ್ದುದು ರಂಗೋಲಿಯಿಂದ. ಹಾಲಿನವನು ಬರುವ ಮೊದಲೇ ಬಾಗಿಲಿಗೆ ನೀರು ಹಾಕಿ, ಮಂಜಿನಲ್ಲಿ ಕುಕ್ಕರುಗಾಲಲ್ಲಿ ಕೂತು ಎಳೆಯಲು ತೊಡಗಿದರೆ, ಹೆಬ್ಬೆರಳು ತೋರುಬೆರಳ ನಡುವಿನಿಂದ ಪುಡಿ ಇಳಿಯುತ್ತಿತ್ತೋ ಗೆರೆ ತಾನಾಗಿ ನೆಲದಿಂದ ಎದ್ದು ಬರುತ್ತಿತ್ತೋ ಹೇಳುವುದು ಕಷ್ಟ. ರಜೆಗೆ ಹೋದಾಗ ನಾನು ಕಂಬಳಿ ಸುತ್ತಿಕೊಂಡು ಜಗಲಿಯ ಮೇಲೆ ಕೂತು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಬೆಳೆಯುತ್ತಿದ್ದ ಆ ಬಳ್ಳಿಗಳನ್ನು ನೋಡುತ್ತಿದ್ದೆ. ನಿದ್ದೆ ಯಾವುದು, ರಂಗೋಲಿ ಯಾವುದು ಎಂದು ತಿಳಿಯದ ವಯಸ್ಸು. ಒಮ್ಮೆ ಆತುರಕ್ಕೆ ಅದರ ಮೇಲೆ ಓಡಿಬಿಟ್ಟಿದ್ದೆ. ಅತ್ತೆ ಕಿವಿ ಹಿಡಿದು ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ:

"ಗೆರೆ ಕಂಡ ಕೂಡ್ಲೆ ಕಾಲು ತಾನೇ ಏಳ್ಬೇಕು ಕೂಸೇ. ಕೇಳಿಕೊಂಡು ಏಳೂದಲ್ಲ."

ನನಗೂ ಕಲಿಸಲು ಬಹಳ ಪ್ರಯತ್ನಪಟ್ಟರು. ಚುಕ್ಕಿ ಇಡುವ ತನಕ ನಾನು ಮಹಾ ಕಲಾವಿದೆ. ಗೆರೆ ಎಳೆಯಲು ಶುರು ಮಾಡಿದರೆ ಅದು ನನ್ನ ಮಾತು ಕೇಳದೆ ಚರಂಡಿಯ ಕಡೆ ಹೊರಡುತ್ತಿತ್ತು. "ಸೊಟ್ಟ," ಎನ್ನುತ್ತಿದ್ದರು ಅತ್ತೆ. ಅಳಿಸಿ ಮತ್ತೆ ಎಳೆದರೆ, "ಸೊಟ್ಟ." ಕೊನೆಗೆ, "ನೀನು ಪುಸ್ತಕ ಓದಿಕೋ ಹೋಗು," ಎಂದು ಬಿಡುಗಡೆ ಮಾಡಿದರು. ನಾನು ವಿಜ್ಞಾನ ಓದಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಎದುರು ಮನೆಯ ಜಲಜಕ್ಕನ ಬಗ್ಗೆ ಹೇಳದೆ ಅತ್ತೆಯ ರಂಗೋಲಿಯ ಕಥೆ ಪೂರ್ತಿಯಾಗುವುದಿಲ್ಲ. ಇಬ್ಬರದೂ ಒಂದೇ ವಯಸ್ಸು, ಒಂದೇ ಹಟ. ಒಮ್ಮೆ ಬೀದಿಯಲ್ಲಿ ರಂಗೋಲಿ ಸ್ಪರ್ಧೆ ಮಾಡಿದರು. ಜಲಜಕ್ಕ ನವಿಲು ಬಿಡಿಸಿ, ಪೇಟೆಯಿಂದ ತಂದ ಬಣ್ಣವನ್ನೆಲ್ಲ ತುಂಬಿ ಬಹುಮಾನ ಗೆದ್ದರು. ಬಿಳಿ ಗೆರೆಯ ಅತ್ತೆಗೆ ಸಮಾಧಾನದ ಒಂದು ಸ್ಟೀಲ್ ಲೋಟ. "ಬಣ್ಣ ಚೆಲ್ಲಿದ್ರೆ ರಂಗೋಲಿ ಆಗ್ತದಾ? ಅದು ಓಕುಳಿ," ಎಂದು ಅತ್ತೆ ಯಾರಿಗೋ ಹೇಳಿದ್ದು ಬೀದಿ ದಾಟಿ ಹೋಯಿತು. ಅಲ್ಲಿಂದ ಮಾತಿಲ್ಲ.

ಮಾತು ಬಿಟ್ಟರೇ ಹೊರತು ನೋಡುವುದನ್ನು ಬಿಡಲಿಲ್ಲ. ಇಲ್ಲಿ ಹಂಸ ಬಂದರೆ ಮರುದಿನ ಅಲ್ಲಿ ಆನೆ. ಅಲ್ಲಿ ಕಮಲ ಅರಳಿದರೆ ಇಲ್ಲಿ ಅದರ ಎರಡರಷ್ಟು ದೊಡ್ಡ ಕಮಲ. ಆಚೆಯವರ ಬಾಗಿಲು ಮುಚ್ಚಿದ ಕೂಡಲೆ ಈಚೆಯವರ ಕಿಟಕಿ ತೆರೆಯುತ್ತಿತ್ತು. ಎರಡು ಹೆಂಗಸರ ಸಿಟ್ಟಿನಿಂದ ಬೀದಿಗೆ ಬೀದಿಯೇ ಚೆಂದವಾಗಿತ್ತು. ಕೆಲವು ಬೆಳಿಗ್ಗೆ ಮಂಜಿನಲ್ಲಿ ಎರಡೂ ಬಾಗಿಲುಗಳ ರಂಗೋಲಿ ಹರಡಿ ಹರಡಿ ನಡುಬೀದಿಯಲ್ಲಿ ಒಂದನ್ನೊಂದು ಮುಟ್ಟಲು ಸ್ವಲ್ಪವೇ ಬಾಕಿ ಎನ್ನುವಂತೆ ಇರುತ್ತಿದ್ದವು. ಆದರೆ ಮುಟ್ಟುತ್ತಿರಲಿಲ್ಲ.

ಮೊದಲು ಸೋತದ್ದು ಅತ್ತೆಯ ಕೈ. ಹೆಬ್ಬೆರಳು ತನ್ನಷ್ಟಕ್ಕೆ ಏನನ್ನೋ ಉರುಟಾಗಿ ಉಂಡೆ ಮಾಡುತ್ತಿರುವಂತೆ ಅಲುಗತೊಡಗಿತು. ವಯಸ್ಸಾಯಿತು ಎಂದುಕೊಂಡರು ಎಲ್ಲರೂ. ಗೆರೆ ನಡುಗಿತು. ಒಂದು ದಿನ ಅತ್ತೆ ಅರ್ಧ ಎಳೆದ ರಂಗೋಲಿಯನ್ನು ಕಾಲಿನಿಂದಲೇ ಒರೆಸಿ ಒಳಗೆ ಬಂದರಂತೆ. ರಂಗೋಲಿ ತುಳಿಯದ ಅತ್ತೆ! ಅದನ್ನು ಫೋನಿನಲ್ಲಿ ಹೇಳುವಾಗ ಶಾರದಕ್ಕ ಅತ್ತಿದ್ದರು. ಮರುದಿನ ಬಾಗಿಲಿಗೆ ಪ್ಲಾಸ್ಟಿಕ್ಕಿನ ಅಂಟು ರಂಗೋಲಿ ಬಂತು.

ಆಮೇಲೆ ಕಾಲು. ಒಳಗೆ ಹೇಗೋ ಸರಿಯಾಗಿ ಓಡಾಡುವವರು ಬೀದಿ ಬಾಗಿಲಿನ ಹತ್ತಿರ ಬಂದರೆ ನಿಂತುಬಿಡುತ್ತಿದ್ದರು. ಪಾದ ನೆಲಕ್ಕೆ ಅಂಟಿದ ಹಾಗೆ. "ದಾಟಿ ಅತ್ತೆ," ಎಂದರೆ, "ದಾಟ್ತಾ ಇದ್ದೇನಲ್ಲ," ಎನ್ನುತ್ತಿದ್ದರು. ದಾಟುತ್ತಿರಲಿಲ್ಲ. ಮುಖದಲ್ಲಿ ಬೆವರು, ಕಣ್ಣಿನಲ್ಲಿ ಆಶ್ಚರ್ಯ.

ನಮ್ಮ ಕಡೆಯವರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೆ ನಿಮಗೆ ಗೊತ್ತಲ್ಲ. ಜ್ಯೋತಿಷಿಯ ಹತ್ತಿರ ಪ್ರಶ್ನೆ ಕೇಳಿಸಿದರು. ಬೇರೆಲ್ಲೂ ನಿಲ್ಲದ ಕಾಲು ಅಲ್ಲೇ ನಿಲ್ಲುವುದಾದರೆ ತೊಂದರೆ ಕಾಲಿನದಲ್ಲ, ಹೊಸಿಲಿನದು ಎಂದು ತೀರ್ಮಾನವಾಯಿತು. ನಾಲ್ಕು ತಲೆಮಾರು ತುಳಿಯದೆ ದಾಟಿದ ಹಲಸಿನ ಮರದ ಹೊಸಿಲನ್ನು ಕಿತ್ತರು. ಕಿತ್ತ ಮೇಲೆ ನೆಲ ಸಮ ಆಗಬೇಕಲ್ಲ, ಹಾಗಾಗಿ ಒಳಗಿನಿಂದ ಜಗಲಿಯ ತನಕ ಕಂದುಬಣ್ಣದ ಹೊಳೆಯುವ ಟೈಲ್ಸ್ ಹಾಕಿಸಿದರು. ಅಮ್ಮನಿಗೆ ಎಡವಲು ಏನೂ ಇರಬಾರದು ಎಂಬ ಪ್ರೀತಿ ಭಾವನದು. ನಾನೂ ಹೋಗಿ ನೋಡಿ, "ಒಳ್ಳೆ ಕೆಲಸ ಆಯ್ತು," ಎಂದು ಹೊಗಳಿ ಬಂದೆ.

ಅತ್ತೆ ಈಗ ಬಾಗಿಲಿನ ಹತ್ತಿರ ಮಾತ್ರವಲ್ಲ, ನಡುಮನೆಯಲ್ಲೂ ನಿಲ್ಲತೊಡಗಿದರು. ಎಲ್ಲ ಕಡೆ ಒಂದೇ ಹೊಳಪು, ಎಲ್ಲಿಂದ ಹೊರಟು ಎಲ್ಲಿಗೆ ಹೋಗಬೇಕೆಂದು ಕಾಲಿಗೆ ತಿಳಿಯುತ್ತಿರಲಿಲ್ಲ. ಎರಡು ಸಲ ಬಿದ್ದರು. ಭಾವ ಗಾಲಿಕುರ್ಚಿ ತಂದರು. ಅದನ್ನು ಕಂಡ ದಿನ ಅತ್ತೆ ಊಟ ಮಾಡಲಿಲ್ಲ.

"ಅದ್ರಲ್ಲಿ ಕೂತ್ರೆ ನಾನು ಮತ್ತೆ ಏಳೂದಿಲ್ಲ ಕೂಸೇ," ಎಂದರು ನನಗೆ. "ನಂಗೆ ಕಾಶಿಗೆ ಹೋಗೂದು ಬೇಡ. ಬೀದಿ ಬಾಗಿಲಿನ ತನಕ ನನ್ನ ಕಾಲಲ್ಲಿ ನಾನು ಹೋಗ್ಬೇಕು. ಅಷ್ಟೇ ಸಾಕು."

ಅಷ್ಟೇ ಎಂದರೂ ಎಷ್ಟು ದೂರ! ಆ ರಜೆಯಲ್ಲಿ ನಾನು ಅವರನ್ನು ಚಿಕ್ಕಮಗಳೂರಿಗೆ ಕರೆತಂದು ನರರೋಗದ ಡಾಕ್ಟರಿಗೆ ತೋರಿಸಿದೆ. ವಿಜ್ಞಾನದ ಟೀಚರ್ ಎಂದು ನನ್ನನ್ನು ಮುಂದೆ ಬಿಟ್ಟರು. ನಾನು ವರ್ಷವರ್ಷವೂ ಬೋರ್ಡಿನ ಮೇಲೆ ಮೆದುಳಿನ ಚಿತ್ರ ಬರೆಯುವವಳು. ಅದು ಪ್ರತಿ ವರ್ಷವೂ ಹೂಕೋಸಿನಂತೆ ಬರುತ್ತದೆ, ಮಕ್ಕಳು ಹಾಗೆಯೇ ಬರೆದುಕೊಳ್ಳುತ್ತಾರೆ. ಆ ಹೂಕೋಸಿನೊಳಗೆ ಒಬ್ಬ ಅತ್ತೆ ನಿಂತುಹೋಗಬಹುದು ಎಂದು ನನಗೆ ಹೊಳೆದಿರಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಅತ್ತೆಯನ್ನು ನಡೆಸಿ ನೋಡಿ, ಕೈ ಮಡಚಿಸಿ ನೋಡಿ, ಪಾರ್ಕಿನ್ಸನ್ ಎಂದಳು. ಪೂರ್ತಿ ವಾಸಿಯಾಗುವುದಿಲ್ಲ, ಮಾತ್ರೆ ತಪ್ಪಿಸಬಾರದು ಎಂದಳು. ಆಮೇಲೆ ನನ್ನ ಕಡೆ ತಿರುಗದೆ ಅತ್ತೆಗೇ ವಿವರಿಸಿದಳು. ಅದು ನನಗೆ ತುಂಬ ಹಿಡಿಸಿತು.

"ನಡೆಯೋದು ನಾವು ಯೋಚನೆ ಮಾಡಿ ಮಾಡೋ ಕೆಲಸ ಅಲ್ಲ ಅಜ್ಜಿ. ಮೆದುಳಿನ ಒಳಗೆ ಒಂದು ಜಾಗ ಇದೆ, ಅದು ತನ್ನಷ್ಟಕ್ಕೆ ನಡೆಸ್ತಾ ಇರ್ತದೆ. ನಿಮಗೆ ಆ ದಾರಿ ಕೆಟ್ಟಿದೆ. ಕೊಟ್ಟಿಗೆಹಾರದ ಹತ್ತಿರ ಗುಡ್ಡ ಜರಿದ್ರೆ ನೀವು ಕಳಸಕ್ಕೆ ಹೋಗೋದೇ ಬಿಡ್ತೀರಾ?"

"ಬಾಳೆಹೊನ್ನೂರು ಮೇಲೆ ಹೋಗೂದಪ್ಪ," ಎಂದರು ಅತ್ತೆ.

"ಹಾಗೇ. ಕಣ್ಣಿಗೆ ಒಂದು ಗೆರೆ ಕಂಡ್ರೆ, ಕಿವಿಗೆ ಒಂದು ತಾಳ ಕೇಳಿದ್ರೆ, ಮೆದುಳು ಬೇರೆ ದಾರಿಯಲ್ಲಿ ಸುತ್ತಿ ಬಂದು ಕಾಲು ಎತ್ತಿಸ್ತದೆ. ಎಲ್ಲರಿಗೂ ಎಲ್ಲ ಸಲವೂ ಆಗ್ತದೆ ಅಂತ ಅಲ್ಲ. ನೆಲದ ಮೇಲೆ ಅಡ್ಡ ಪಟ್ಟಿ ಅಂಟಿಸಿ ನೋಡಿ. ಮತ್ತೆ ಒಬ್ಬರನ್ನೇ ಕೂರಿಸಬೇಡಿ. ಇಷ್ಟದ ಕೆಲಸ, ಹಾಡು, ನಾಲ್ಕು ಜನ, ಅವೂ ಮದ್ದೇ."

ಭಾವ ಅದೇ ದಿನ ಹಳದಿ ಟೇಪು ತಂದು ನಡುಮನೆಯಿಂದ ಬಾಗಿಲಿನ ತನಕ ಅಡ್ಡಡ್ಡ ಅಂಟಿಸಿದರು. ಹೊಸಿಲು ಕಿತ್ತು ನೆಲವನ್ನೆಲ್ಲ ಬೋಳು ಮಾಡಿದ್ದು ಎಂಥ ಕೆಲಸ ಎಂದು ಆಗ ಹೊಳೆದು ಅವರ ಮುಖ ಸಣ್ಣಗಾಗಿತ್ತು. ಅತ್ತೆ ಟೇಪನ್ನು ನೋಡಿ, "ಇದೆಂತದು, ಫಾರೆಸ್ಟಿನವ್ರ ಚೆಕ್‌ಪೋಸ್ಟಾ?" ಎಂದರು. ಮೊದಲೆರಡು ದಿನ ಕಾಲು ಎದ್ದಿತು. ಆಮೇಲೆ ಅವರು ಟೇಪಿನ ಮೇಲೆಯೇ ಪಾದ ಎಳೆದುಕೊಂಡು ಹೋಗತೊಡಗಿದರು, ಮತ್ತೆ ನಿಂತರು. ಟೇಪಿಗೆ ಅವರ ಹತ್ತಿರ ಮರ್ಯಾದೆಯಿರಲಿಲ್ಲ. ಭಾವ ಅದನ್ನು ಕಿತ್ತು ಹಾಕಿದರು.

ಹೀಗಿರುವಾಗ ಕೃಷ್ಣಾಷ್ಟಮಿ ಬಂತು. ಆ ಹಬ್ಬಕ್ಕೆ ನಮ್ಮಲ್ಲಿ ಬೀದಿ ಬಾಗಿಲಿನಿಂದ ದೇವರ ಕೋಣೆಯ ತನಕ ಅಕ್ಕಿಹಿಟ್ಟಿನಲ್ಲಿ ಪುಟ್ಟ ಪುಟ್ಟ ಪಾದ ಬರೆಯುತ್ತಾರೆ, ಕೃಷ್ಣ ಒಳಗೆ ಬರಲಿ ಎಂದು. ಪ್ರತಿ ವರ್ಷವೂ ಅತ್ತೆಯದೇ ಕೈ. ಈ ಸಲ ಅತ್ತೆಗೆ ಆಗದು, ಶಾರದಕ್ಕನ ಮಣಿಕಟ್ಟು ಉಳುಕಿ ಬ್ಯಾಂಡೇಜಿನಲ್ಲಿತ್ತು, ನನ್ನ ಗೆರೆಯ ವಿಷಯ ನಿಮಗೆ ಗೊತ್ತೇ ಇದೆ. ಕೃಷ್ಣ ಚರಂಡಿಗೆ ಹೋಗುವುದು ಬೇಡವೆಂದು ಶಾರದಕ್ಕ ಸೀದಾ ಬೀದಿ ದಾಟಿ ಹೋಗಿ ಜಲಜಕ್ಕನನ್ನು ಕರೆದರು. ಅತ್ತೆಯನ್ನು ಕೇಳಲಿಲ್ಲ. ಅಂಥ ಧೈರ್ಯ ಅವರಿಗೆ ಎಲ್ಲಿಂದ ಬಂತೋ.

ಜಲಜಕ್ಕ ಬಂದರು. ಗಂಡ ತೀರಿಹೋಗಿ, ಮಕ್ಕಳಿಲ್ಲದೆ ಒಬ್ಬರೇ ಇದ್ದ ಅವರು ಯಾರ ಮನೆಗೂ ಹೋಗುವುದನ್ನು ಬಿಟ್ಟಿದ್ದರು. ಅತ್ತೆ ಮೂಲೆಯ ಕುರ್ಚಿಯಲ್ಲಿ ಕೂತು ಗೋಡೆ ನೋಡಿದರು. ಜಲಜಕ್ಕ ನೆಲ ನೋಡಿದರು. ಹಿಟ್ಟು ಕಲಸಿ, ಬಾಗಿಲಿನಿಂದ ಬರೆಯುತ್ತಾ ಬಂದರು. ಒಂದು ಪಾದ, ಒಂದು ಅಡ್ಡ ಬಳ್ಳಿ, ಮತ್ತೊಂದು ಪಾದ, ಮತ್ತೊಂದು ಅಡ್ಡ ಬಳ್ಳಿ. ಹೊಳೆಯುವ ಬೋಳು ನೆಲದ ಮೇಲೆ ಬಿಳಿಯ ಹೆಜ್ಜೆಗಳು ಮೂಡುತ್ತಾ ಬರುವುದನ್ನು ನೋಡುತ್ತಾ ನನಗೆ ಮತ್ತೆ ಕಂಬಳಿಯೊಳಗೆ ಕೂತ ಹಾಗಾಗಿತ್ತು.

"ಥೂ!" ಎಂದಿತು ಒಂದು ದನಿ.

ಅತ್ತೆ ಎದ್ದು ನಿಂತಿದ್ದರು. "ಎಲ್ಲ ಬಲಗಾಲೇ ಬರೆದಿದ್ದೀಯಲ್ಲೇ ಜಲಜಾ! ಕೃಷ್ಣ ಎಂತ ಕುಂಟಿಕೊಂಡು ಬಂದ್ನಾ? ಅಲ್ಲಿ ನೋಡು, ಆ ಬಾಗಿಲಿನ ಹತ್ರದ್ದು, ಅದೂ ಬಲಗಾಲೇ!"

ಹೇಳುತ್ತಾ ಹೇಳುತ್ತಾ, ಬೆರಳು ಚಾಚಿಕೊಂಡು ಅತ್ತೆ ಹೊರಟೇಬಿಟ್ಟರು. ಬಳ್ಳಿ ಕಂಡಿತು, ಕಾಲು ಎದ್ದಿತು. ಹಸಿ ಹಿಟ್ಟನ್ನು ತುಳಿಯದೆ ಆಚೆ ಇಳಿಯಿತು. ಮುಂದಿನ ಬಳ್ಳಿ, ಇನ್ನೊಂದು ಕಾಲು. ಕೃಷ್ಣನ ಪಾದಗಳು ಒಳಗೆ ಬರುತ್ತಿದ್ದವು, ಅತ್ತೆಯ ಪಾದಗಳು ಹೊರಗೆ ಹೋಗುತ್ತಿದ್ದವು. ಹೊಸಿಲಿಲ್ಲದ ಬಾಗಿಲಿನಲ್ಲಿ ಜಲಜಕ್ಕ ಎಳೆದಿದ್ದ ದಪ್ಪ ಗೆರೆಯೊಂದಿತ್ತು. ಅದನ್ನೂ ದಾಟಿ ಜಗಲಿಯಲ್ಲಿ ನಿಂತ ಮೇಲೆಯೇ ಅವರಿಗೆ ತಾವೆಲ್ಲಿದ್ದೇವೆಂದು ತಿಳಿದದ್ದು. ಬೀದಿಯ ಗಾಳಿ ಮುಖಕ್ಕೆ ಬಡಿಯಿತು. ಶಾರದಕ್ಕ ಬ್ಯಾಂಡೇಜಿನ ಕೈಯನ್ನು ಬಾಯಿಗೆ ಒತ್ತಿ ಹಿಡಿದಿದ್ದರು.

ಜಲಜಕ್ಕ ಮಾತ್ರ ಕೂತಲ್ಲಿಂದಲೇ ಹೇಳಿದರು: "ಬಣ್ಣ ಒಂದು ಹಾಕ್ಲಿಲ್ಲ ನೋಡು ಮಾರಾಯ್ತಿ. ಅದಕ್ಕಾದ್ರೂ ಒಂದು ಒಳ್ಳೆ ಮಾತು ಹೇಳು."

ಅತ್ತೆ ನಕ್ಕರು. ಆ ರೋಗ ಮುಖವನ್ನೂ ಬಿಗಿದು ಹಾಕುತ್ತದೆ, ನಗು ಅಷ್ಟು ಸುಲಭವಾಗಿ ಹೊರಗೆ ಬರುವುದಿಲ್ಲ. ಆದರೆ ಅದು ನಗುವೇ ಎಂದು ಆ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾದದ್ದು ಜಲಜಕ್ಕನಿಗೆ.

ಅಂದಿನಿಂದ ಜಲಜಕ್ಕ ದಿನಾ ಬೆಳಿಗ್ಗೆ ಬಂದರು. ಒಬ್ಬರೇ ಬಂದವರನ್ನು ನೋಡಿ ಪಕ್ಕದ ಮನೆಯವರು ಬಂದರು. ಒಂದೇ ನಮೂನೆ ಇದ್ದರೆ ಅತ್ತೆಯ ಕಾಲು ಸೋಮಾರಿಯಾಗುತ್ತದೆ ಎಂದು ಬೇಗ ತಿಳಿಯಿತು. ಹೊಸ ಬಳ್ಳಿ ಕಂಡರೆ ಚುರುಕು. ಹಾಗಾಗಿ ಬೀದಿಯ ಹೆಂಗಸರು ಸರದಿ ಹಾಕಿಕೊಂಡರು. ಟೈಲರ್ ಅಂಗಡಿಯ ಜುಬೇದಾ ಮೆಹಂದಿಯ ಕೋನಿಗೆ ಅಕ್ಕಿಹಿಟ್ಟು ತುಂಬಿಕೊಂಡು ಬಂದು ಎಳೆದ ಬಳ್ಳಿಯನ್ನು ಅತ್ತೆ ಬಹಳ ಹೊತ್ತು ನೋಡಿ, "ಇದನ್ನು ದಾಟ್ಲಿಕ್ಕೂ ಮನಸ್ಸಾಗೂದಿಲ್ಲ," ಎಂದರಂತೆ. ಎಳೆಯುವಾಗ ಯಾರಾದರೂ ಹಾಡುತ್ತಿದ್ದರು. ಆ ಹಾಡಿನ ತಾಳಕ್ಕೇ ಅತ್ತೆ ನಡೆಯುತ್ತಿದ್ದರು. ಹಾಡು ನಿಧಾನವಾದರೆ ಅವರೂ ನಿಧಾನ. ಅತ್ತೆ ನಡೆದಾದ ಮೇಲೆ ಎಲ್ಲರಿಗೂ ಸತೀಶ ಭಾವನ ಪುಡಿಯ ಕಾಫಿ.

ಮುಂದಿನ ಸಲ ಡಾಕ್ಟರಿಗೆ ಇದನ್ನೆಲ್ಲ ಹೇಳಿದಾಗ ಆ ಹುಡುಗಿ ಪೆನ್ನು ಕೆಳಗಿಟ್ಟು ಕೇಳಿದಳು. "ಗೆರೆ ಎಳೆಯೋರು ಹೇಗಿದ್ದಾರೆ?" ಎಂದೂ ಕೇಳಿದಳು. ಅದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಹೇಗಿದ್ದರು ಎಂದರೆ, ಜಲಜಕ್ಕ ಈಗ ಒಂದು ಹೊತ್ತು ಅಡುಗೆ ಮಾಡಿ ಮೂರು ಹೊತ್ತು ಉಣ್ಣುವುದನ್ನು ಬಿಟ್ಟಿದ್ದರು. ಮಾತ್ರೆ ಇಲ್ಲದೆ ನಿದ್ದೆ ಬರುತ್ತದೆ ಎನ್ನುತ್ತಿದ್ದರು. ಶಾರದಕ್ಕ ಫೋನಿನಲ್ಲಿ ಅಳುವುದು ನಿಂತಿತ್ತು. ಡಾಕ್ಟರು ಹೇಳಿದಳು, ಕೈಯಲ್ಲಿ ಒಂದು ಚಿತ್ರ, ಬಾಯಲ್ಲಿ ಒಂದು ಹಾಡು, ಪಕ್ಕದಲ್ಲಿ ಒಬ್ಬರು ಇದ್ದರೆ ಮನಸ್ಸಿನ ಬಿಗಿ ಸಡಿಲವಾಗುತ್ತದೆ, ಎಳೆಯುವವರ ಮೆದುಳಿಗೂ ಅದು ಒಳ್ಳೆಯದೇ ಎಂದು. ಆಮೇಲೆ ನಗುತ್ತಾ, "ನಿಮ್ಮ ಬೀದಿಯನ್ನ ಮದ್ದಿನ ಚೀಟಿಯಲ್ಲಿ ಬರೆದುಕೊಡೋ ಹಾಗಿದ್ರೆ ಚೆನ್ನಾಗಿತ್ತು," ಎಂದಳು.

ನಾನು ಹೇಳಬೇಕೆಂದಿದ್ದುದು ಇದಲ್ಲ, ಬೀದಿ ದಾಟಿದ ಕಥೆ. ಕಾಫಿ ಕುಯ್ಲಿನ ಕಾಲ. ಜೀಪುಗಳಲ್ಲಿ ಜನ ತೋಟಕ್ಕೆ ಹೋಗುವ ಬೆಳಗಿನ ಹೊತ್ತು ಆ ಬೀದಿಯಲ್ಲಿ ಗಾಡಿಗಳು ಜಾಸ್ತಿ. ನಾನು ಭಾನುವಾರಕ್ಕೆಂದು ಹೋಗಿದ್ದೆ. ಜಲಜಕ್ಕ ಗಂಟುನೋವಿನ ಜ್ವರ ಬಂದು ಮಲಗಿದ್ದರು. ಯಾರು ಗಂಜಿ ಕೊಟ್ಟರೂ ಬೇಡವೆನ್ನುತ್ತಾರೆ, ಗೋಡೆ ಕಡೆ ತಿರುಗಿ ಮಲಗಿದ್ದಾರೆ ಎಂದು ಶಾರದಕ್ಕ ಬಂದು ಹೇಳಿದರು.

"ನಾನು ಹೋಗ್ತೇನೆ," ಎಂದರು ಅತ್ತೆ.

ಗಾಲಿಕುರ್ಚಿ ತರಲು ಹೋದ ಭಾವನನ್ನು ತಡೆದರು. "ಅವಳ ಮನೆಗೆ ಆ ಕುರ್ಚಿಯಲ್ಲಿ ಹೋಗೂದಾ? ಸತ್ರೂ ಇಲ್ಲ."

ಹಾಗೆ ಬೀದಿಯ ಹೆಂಗಸರೆಲ್ಲ ಸೇರಿ ಡಾಂಬರಿನ ಮೇಲೆ ಗೆರೆ ಎಳೆಯತೊಡಗಿದರು, ಅರ್ಧ ಜನ ಅತ್ತೆಯ ಬಾಗಿಲಿನಿಂದ, ಅರ್ಧ ಜನ ಜಲಜಕ್ಕನ ಬಾಗಿಲಿನಿಂದ. ಮಂಜು ಇನ್ನೂ ಕರಗಿರಲಿಲ್ಲ. ಮೊದಲ ಜೀಪು ಬಂತು. ಡ್ರೈವರ್ ಕೆಳಗೆ ನೋಡಿ ಬ್ರೇಕ್ ಹಾಕಿದ. ಹಿಂದಿನ ಜೀಪಿನವನು ಹಾರ್ನ್ ಹೊಡೆದಾಗ ಇಳಿದು ಹೋಗಿ, "ರಂಗೋಲಿ ಮೇಲೆ ಗಾಡಿ ಹತ್ತಿಸ್ಲಿಕ್ಕೆ ಆಗ್ತದಾ ಮಾರಾಯ? ಇರು ಸ್ವಲ್ಪ," ಎಂದ. ಕುಯ್ಲಿನ ಹೆಂಗಸರು ಜೀಪಿನ ಹಿಂದಿನಿಂದ ಇಳಿದು ನೋಡುತ್ತಾ ನಿಂತರು. ಅವರಲ್ಲೇ ಯಾರೋ ಚಪ್ಪಾಳೆಯ ತಾಳ ಹಾಕಿದರು. ಅತ್ತೆ ಜಗಲಿಯಿಂದ ಬೀದಿಗೆ ಇಳಿದರು.

ಅತ್ತೆ ಒಂದೊಂದೇ ಗೆರೆ ದಾಟುತ್ತಾ ಹೋದದ್ದು ಈಗಲೂ ನನ್ನ ಕಣ್ಣಿನಲ್ಲಿ ನಿಧಾನವಾಗಿಯೇ ನಡೆಯುತ್ತದೆ. ಬಿಳಿ ಮಂಜು, ಬಿಳಿ ಗೆರೆ, ನಡುವೆ ಅವರ ಪಾಚಿ ಬಣ್ಣದ ಸೀರೆ. ನಡುಬೀದಿಗೆ ಬಂದರು. ನಿಂತುಬಿಟ್ಟರು.

ಗೆರೆಗಳು ಅಲ್ಲಿ ತಪ್ಪಿದ್ದವು. ಈ ಕಡೆಯಿಂದ ಎಳೆದವರು ಆ ಕಡೆಯವರು ಎಳೆಯುತ್ತಾರೆ ಎಂದುಕೊಂಡಿದ್ದರು, ಆ ಕಡೆಯವರು ಈ ಕಡೆಯವರೆಂದು. ಎಷ್ಟೋ ವರ್ಷ ಎರಡು ಮನೆಗಳ ರಂಗೋಲಿ ಮುಟ್ಟದೆ ಉಳಿಯುತ್ತಿದ್ದ ಅದೇ ಜಾಗ. ಅತ್ತೆಯ ಪಾದ ನಡುಗಿತು, ಏಳಲಿಲ್ಲ. ತಾಳ ನಿಂತಿತು. ಮೈ ಮುಂದೆ ವಾಲುತ್ತಿತ್ತು, ಕಾಲು ಬರುತ್ತಿರಲಿಲ್ಲ. ಭಾವ ಹಿಡಿಯಲು ಓಡಿದರು. "ಮುಟ್ಬೇಡ!" ಎಂದರು ಅತ್ತೆ. ಆ ದನಿಯಲ್ಲಿದ್ದ ಭಯ ನನಗೆ ಇನ್ನೂ ಕೇಳಿಸುತ್ತದೆ. ಬೀಳುವ ಭಯವಲ್ಲ ಅದು, ಇಷ್ಟು ದೂರ ಬಂದು ಹಿಂದೆ ಹೋಗಬೇಕಾದೀತೆಂಬ ಭಯ.

ಅವರ ಹತ್ತಿರ ಇದ್ದವಳು ನಾನೊಬ್ಬಳೇ. ಕೈಯಲ್ಲಿ ಹಿಟ್ಟಿನ ಬಟ್ಟಲು. ಎಳೆಯಲು ಬಾರದವಳು ಹಿಡಿದುಕೊಳ್ಳಲಿ ಎಂದು ಕೊಟ್ಟದ್ದು. ಮಂಡಿ ಊರಿ ಕೂತೆ. ಬೆರಳು ಅದ್ದಿ ಅವರ ಪಾದದ ಮುಂದೆ ಎಳೆದೆ. ನನ್ನ ಗೆರೆ ಎಂದಿನಂತೆ ಚರಂಡಿಯ ಕಡೆಗೇ ಹೊರಟಿತ್ತು.

ಅತ್ತೆ ಕೆಳಗೆ ನೋಡಿದರು. "ಸೊಟ್ಟ," ಎಂದರು. ಮತ್ತು ದಾಟಿದರು.

ನಾನು ಮುಂದೆ ಸರಿದು ಇನ್ನೊಂದು ಎಳೆದೆ. "ಸೊಟ್ಟ." ದಾಟಿದರು. ಮತ್ತೊಂದು. ಜೀಪಿನವರು, ಕುಯ್ಲಿನವರು, ಬೀದಿಯವರು ಎಲ್ಲ ನಗುತ್ತಿದ್ದರು, ನಾನು ಅಳುತ್ತಾ ಎಳೆಯುತ್ತಿದ್ದೆ. ಆಚೆಯ ಜಗಲಿಗೆ ಬಂದು ಮುಟ್ಟುವಾಗ ಗದ್ದಲ ಕೇಳಿ ಜಲಜಕ್ಕ ಕಂಬಳಿ ಹೊದ್ದು ಬಾಗಿಲಿಗೆ ಬಂದಿದ್ದರು.

ಅತ್ತೆ ಅವರ ಪಕ್ಕ ಕೂತು ಉಸಿರು ಸರಿ ಮಾಡಿಕೊಂಡು ಹೇಳಿದರು: "ಎದ್ದು ಗಂಜಿ ಉಣ್ಣು. ಸೊಟ್ಟ ಅಂತ ಹೇಳ್ಲಿಕ್ಕೆ ಎದುರು ಮನೆಯಲ್ಲಿ ಒಬ್ಳು ಬೇಕು ಮಾರಾಯ್ತಿ. ನೀನು ಮಲಗಿದ್ರೆ ನಾನು ಯಾರಿಗೆ ಹೇಳ್ಲಿ?"

ಜಲಜಕ್ಕ ಗಂಜಿ ಉಂಡರು.

ಗೆರೆಗಳು ರೋಗವನ್ನು ವಾಸಿ ಮಾಡಲಿಲ್ಲ. ಮಾಡುತ್ತವೆಂದು ಡಾಕ್ಟರೂ ಹೇಳಿರಲಿಲ್ಲ. ಆಮೇಲೆ ಕೆಲವು ವರ್ಷ ಅತ್ತೆ ಬೀದಿ ಬಾಗಿಲಿನ ತನಕ ತಮ್ಮ ಕಾಲಿನಲ್ಲೇ ಬಂದರು. ಕೊನೆಗೆ ಹಾಸಿಗೆಯಲ್ಲಿದ್ದಾಗ ಗೆರೆಯೂ ಸಾಲದಾಯಿತು, ತಾಳವೂ ಸಾಲದಾಯಿತು. ಜಲಜಕ್ಕ ಮಾತ್ರ ದಿನಾ ಬಂದು ಮಂಚದ ಪಕ್ಕದ ನೆಲದಲ್ಲಿ ಏನಾದರೊಂದು ಬಿಡಿಸಿ ಹೋಗುತ್ತಿದ್ದರು. ಅತ್ತೆ ಕಣ್ಣಿನಲ್ಲೇ ಅದನ್ನು ದಾಟುತ್ತಿದ್ದರು ಎಂದು ನನಗೆ ಅನಿಸುತ್ತದೆ.

ಸಾವಿನ ಮನೆಯ ಬಾಗಿಲಿಗೆ ಸೂತಕ ಕಳೆಯುವ ತನಕ ರಂಗೋಲಿ ಹಾಕುವುದಿಲ್ಲ. ಅತ್ತೆ ಹೋದ ಮೇಲೆ ಆ ಬಾಗಿಲು ಬೋಳಾಗಿತ್ತು. ನಾನು ಬೀದಿಯಲ್ಲಿ ನಿಂತು ನೋಡಿದೆ, ಎದುರಿನ ಬಾಗಿಲೂ ಬೋಳು. ಜಲಜಕ್ಕ ನೆಂಟರಲ್ಲ, ಅವರಿಗೆ ಸೂತಕವಿಲ್ಲ. ಸೂತಕ ಕಳೆದ ಬೆಳಿಗ್ಗೆ ಎರಡೂ ಬಾಗಿಲಿಗೆ ಅವರೇ ಎಳೆದರು, ಬರಿಯ ಬಿಳಿ ಗೆರೆ, ಬಣ್ಣವಿಲ್ಲದೆ.

ಆಟೋದವನ ಕೃಪೆಯಿಂದ ಇದೆಲ್ಲ ನೆನಪಾಗಿ ಮೊನ್ನೆ ಸಂಜೆ ಮನೆಗೆ ಬಂದೆ. ನಮ್ಮದು ಚಿಕ್ಕಮಗಳೂರಿನ ಹೊಸ ಬಡಾವಣೆ. ಬಾಗಿಲಿಗೆ ಅಂಟು ರಂಗೋಲಿ. ಒರೆಸಿದರೆ ಸಾಕು, ವರ್ಷವಿಡೀ ಬಾಳುತ್ತದೆ. ಎದುರು ಮನೆಗೆ ಒಂದು ಚಿಕ್ಕ ಸಂಸಾರ ಬಂದು ಎಷ್ಟೋ ಕಾಲವಾಯಿತು. ಆ ಮನೆಯ ಹುಡುಗಿ ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಹೊರಡುತ್ತಾಳೆ, ಸಂಜೆ ಹೆಲ್ಮೆಟ್ಟಿನಲ್ಲೇ ಬರುತ್ತಾಳೆ. ನಾವು ತಲೆ ಅಲ್ಲಾಡಿಸಿಕೊಳ್ಳುತ್ತೇವೆ. ಬೀಗ ತೆಗೆಯುತ್ತಾ ನನಗೊಂದು ಯೋಚನೆ ಬಂತು. ನನ್ನ ಕಾಲು ಒಂದು ದಿನ ಇದೇ ಬಾಗಿಲಲ್ಲಿ ನಿಂತರೆ ಇಲ್ಲಿ ಗೆರೆ ಎಳೆಯುವವರು ಯಾರು? ಅವಳದು ನಿಂತರೆ? ನಿಜವಾಗಿ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆ ಅಂಟು ರಂಗೋಲಿಯನ್ನು ಚಾಕುವಿನಿಂದ ಕೆರೆದು ತೆಗೆದೆ. ನೀರು ಹಾಕಿದೆ. ಮಂಡಿಯನ್ನು ಬೈದುಕೊಂಡು ಕುಕ್ಕರುಗಾಲಲ್ಲಿ ಕೂತು, ಚುಕ್ಕಿ ಇಟ್ಟು, ಎಳೆಯತೊಡಗಿದೆ. ಮಂಜಿನಲ್ಲಿ ಎದುರು ಬಾಗಿಲು ತೆರೆದ ಸದ್ದಾಯಿತು. ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಆ ಹುಡುಗಿ ಬಂದು ನಿಂತಳು. ಬಗ್ಗಿ ನಾನು ಎಳೆದದ್ದನ್ನು ನೋಡಿದಳು. ಹೇಳಲೋ ಬೇಡವೋ ಎಂದು ಅನುಮಾನಿಸುತ್ತಿದ್ದುದು ಅವಳ ಮುಖದಲ್ಲಿ ಕಾಣುತ್ತಿತ್ತು.

"ಆಂಟಿ," ಎಂದಳು ಕೊನೆಗೆ, "ಬೇಜಾರ್ ಮಾಡ್ಕೋಬೇಡಿ. ಆ ಗೆರೆ ಸ್ವಲ್ಪ ಸೊಟ್ಟ ಆಗಿದೆ."

ಕಣ್ಣು ತುಂಬಿ ಬಂದು ನನಗೆ ಎದುರಿನದೇನೂ ಸರಿಯಾಗಿ ಕಾಣಲಿಲ್ಲ. ಪುಡಿಯ ಡಬ್ಬಿಯನ್ನು ಅವಳ ಕಡೆ ಚಾಚಿದೆ.

"ಹೌದಲ್ಲ," ಎಂದೆ. "ನಿನ್ನ ಹೆಸರೇನಮ್ಮ?"